ಐದು ಲೀಟರಿಗೆ ನೂರು ಮಿಲಿ

ಬಿಸಿಲು ಇನ್ನೂ ಬೆಟ್ಟದಿಂದ ಕೆಳಗಿಳಿದಿಲ್ಲ. ಪೋರ್ಚುಗಲ್ಲಿನ ವಾಲ್ ದ ಉರ್ಸೊ ಹಳ್ಳಿಯ ಆಡಿನ ಕೊಟ್ಟಿಗೆಯ ಮುಂದೆ ಇದಲೀನಾ ಐದು ಲೀಟರಿನ ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕುತ್ತಿದ್ದಾರೆ. ಒಳಗಿರುವುದು ಪೆಟ್ರೋಲು, ಅದಕ್ಕೆ ನೂರು ಮಿಲಿ ಎಂಜಿನ್ ಎಣ್ಣೆ. ಆಡುಗಳಿಗೆ ಔಷಧಿ ಕುಡಿಸುವ ಸಿರಿಂಜೇ ಅಳತೆ. ಎಪ್ಪತ್ತೊಂದರ ಈ ಅಜ್ಜಿ ಬೆರೆಸಿಕೊಟ್ಟ ಮೇಲೆಯೇ ಪೊದೆ ಕತ್ತರಿಸುವ ನಾಲ್ಕು ಯಂತ್ರಗಳು ಬೆಟ್ಟ ಹತ್ತುವುದು. ಬೆಂಕಿ ಬಿದ್ದಾಗ ಬಾವಿ ತೋಡುವ ಬುದ್ಧಿ ಈ ಊರಿಗೆ ಈಗಿಲ್ಲ. ಬೇಸಿಗೆಗೆ ಮೊದಲೇ ಊರ ಸುತ್ತ ಪೊದೆ ಸವರುತ್ತಾರೆ.

"ಬೇಗ ಕೊಡಕ್ಕ, ಬಿಸಿಲೇರಿದ್ಮೇಲೆ ನೀನೇ ಬಂದು ಕಡೀತೀಯಾ?" ಎಂದು ರೇಗಿಸುತ್ತಾರೆ ಜೇನು ಸಾಕುವ ಝುಲ್ಮೀರು.

"ನಾನು ಬಂದ್ರೆ ನಿಂಗೆ ಕೆಲ್ಸ ಎಲ್ಲಿ ಉಳಿಯುತ್ತೆ? ಸುಮ್ನೆ ನಿಂತ್ಕೊ, ಸರಿಯಾಗಿ ಬೆರೀಲಿ."

ಈ ಎಂಜಿನ್ನುಗಳಲ್ಲಿ ಎಣ್ಣೆಗೆ ಬೇರೆ ಜಾಗವಿಲ್ಲ, ಪೆಟ್ರೋಲಿನ ಜೊತೆಗೇ ಹೋಗಬೇಕು. ಸಾರಿನ ಉಪ್ಪಿನ ಹಾಗೆ, ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಹೆಚ್ಚಾದರೆ ಬರೀ ಹೊಗೆ. ಕಡಿಮೆಯಾದರೆ ಎಂಜಿನ್ನು ಒಳಗೇ ಕಚ್ಚಿಕೊಂಡು ನಿಂತೇಬಿಡುತ್ತದೆ. ಮೂರು ಯಂತ್ರಗಳಿಗೆ ನೂರು ಮಿಲಿ ಸಾಕು, ಒಂದು ಮುದಿ ಯಂತ್ರಕ್ಕೆ ಮಾತ್ರ ಇನ್ನೂರು. ಅದರ ಕ್ಯಾನಿಗೆ ಕೆಂಪು ಬಟ್ಟೆ ಕಟ್ಟಿದೆ. ತಿಂಗಳು ದಾಟಿದ ಮಿಶ್ರಣವನ್ನು ಆಕೆ ಯಾರಿಗೂ ಕೊಡುವುದಿಲ್ಲ.

ಇಷ್ಟು ಕಟ್ಟುನಿಟ್ಟಿಗೆ ಕಾರಣವಿದೆ, ಅದನ್ನು ಆಕೆ ಮುಚ್ಚಿಡುವುದೂ ಇಲ್ಲ. ಎಂಟು ವರ್ಷದ ಹಿಂದೆ, ಅಲ್ಲಿಯ ನಡುಬೇಸಿಗೆಯಾದ ಆಗಸ್ಟ್ ತಿಂಗಳಲ್ಲಿ ಬೆಟ್ಟದಾಚೆಯಿಂದ ಕಾಡುಬೆಂಕಿ ಇಳಿಯಿತು. ಆ ಗಡಿಬಿಡಿಯಲ್ಲಿ, ಬೆಂಕಿಯ ದಾರಿಯ ಪೊದೆ ಕಡಿಯಲು ಹೊರಟ ಝುಲ್ಮೀರು ಅವರ ಕೈಗೆ ಇದಲೀನಾ ಕೊಟ್ಟದ್ದು ಎಣ್ಣೆಯನ್ನೇ ಹಾಕದ ಪೆಟ್ರೋಲು.

"ಯಂತ್ರ ಕಾಲು ಗಂಟೆ ಚೆನ್ನಾಗೇ ಓಡ್ತು. ಆಮೇಲೆ ಕಿರ್ ಅಂತ ನಿಂತೋಯ್ತು. ಪಾಪ, ಸ್ಟಾರ್ಟ್ ಮಾಡೋ ಹಗ್ಗ ಎಳೆದ, ಎಳೆದ, ಅಲ್ಲಾಡ್ಲಿಲ್ಲ. ಅವನ ಮೂವತ್ತೆರಡು ಜೇನುಪೆಟ್ಟಿಗೆ ಕಣ್ಮುಂದೆನೇ ಸುಟ್ಟೋದ್ವು. ನನ್ನಿಂದ."

ಮಾರನೆಯ ದಿನ ಆಕೆ ಬಾಗಿಲು ಹಾಕಿಕೊಂಡು ಕೂತಿದ್ದರು. ಬಾಗಿಲು ಬಡಿದವರು ಝುಲ್ಮೀರು, ಮೈಯೆಲ್ಲ ಮಸಿ. ಖಾಲಿ ಕ್ಯಾನನ್ನು ಹೊಸಿಲ ಮೇಲಿಟ್ಟರು.

"'ನಾಳೆಗೆ ಬೇಕು, ಬೆರೆಸಿಡು' ಅಂದ. 'ಬೇರೆ ಯಾರಿಗಾದ್ರೂ ಹೇಳಪ್ಪ' ಅಂದೆ. 'ಬೇರೆಯವ್ರು ಮರೀಬಹುದಕ್ಕ, ನೀನು ಇನ್ನು ಜನ್ಮದಲ್ಲಿ ಮರೆಯಲ್ಲ' ಅಂದ." ಆ ಮಾತಿನ ಋಣ ತೀರುವಂಥದ್ದಲ್ಲ ಎನ್ನುತ್ತಾರೆ.

ಹೋದ ಆಗಸ್ಟ್‌ನಲ್ಲಿ ಬೆಂಕಿ ಮತ್ತೆ ಬಂತು. ಬೆಂಕಿಯ ದಾರಿಯ ಪೊದೆ ಸವರುತ್ತ ನಾಲ್ಕೂ ಯಂತ್ರಗಳು ಏಳು ಗಂಟೆ ಕಾಲ ಓಡಿದವು. ಝುಲ್ಮೀರು ಹೊಸದಾಗಿ ಇಟ್ಟಿದ್ದ ಜೇನುಪೆಟ್ಟಿಗೆಗಳನ್ನು ಮುಟ್ಟದೆ, ಬೆಂಕಿ ಅವುಗಳಿಗಿಂತ ಮೇಲಿನ ಇಳಿಜಾರಿನಲ್ಲೇ ಆರಿತು. ಪೇಟೆಯಿಂದ ಬಂದವರು ಯಂತ್ರ ಹಿಡಿದವರ ಫೋಟೋ ತೆಗೆದುಕೊಂಡು ಹೋದರು. ಇದಲೀನಾ ಆಗ ಕೊಟ್ಟಿಗೆಯಲ್ಲಿ ಮುಂದಿನ ಕ್ಯಾನ್ ಬೆರೆಸುತ್ತಿದ್ದರು.

ಬೇಸರವಾಗಲಿಲ್ಲವೇ ಎಂದರೆ ನಗುತ್ತಾರೆ.

"ಫೋಟೋ ಯಾರಿಗ್ ಬೇಕು? ಝುಲ್ಮೀರು ಮತ್ತೆ ಪೆಟ್ಟಿಗೆ ಇಟ್ಟಾಗಿಂದ ವರ್ಷಾ ವರ್ಷಾ ಮೊದಲ ಜೇನು ನಂಗೇ ತಂದ್ಕೊಡ್ತಾನೆ. ಬೇಡ ಅಂದ್ರೆ ಬೈತಾನೆ. ಇಸ್ಕೊಂಡು ಕಪಾಟಲ್ಲಿಡ್ತಿದ್ದೆ, ಮುಚ್ಚಳ ತೆಗೆಯೋಕೆ ಮನಸ್ಸೇ ಬರ್ತಿರ್ಲಿಲ್ಲ. ಆ ಬೆಂಕಿ ಆರಿದ ಮಾರನೇ ದಿನ ಒಂದು ಬಾಟ್ಲಿ ತೆಗೆದೆ. ಬ್ರೆಡ್ಡಿಗೆ ಹಚ್ಕೊಂಡು ತಿಂದೆ."