ಬನ್ನಿ ಗಿಡದ ಜಾಗದಲ್ಲಿ ನಿಂತ ಕಾರು

ಹೋದ ದಸರೆಯಲ್ಲಿ ನಮ್ಮ ಅತ್ತೆ ಯಾರದೋ ಬಿಳಿ ಕಾರಿಗೆ ಅರಿಸಿನ ಕುಂಕುಮ ಹಚ್ಚಿ, ಅದರ ಸುತ್ತ ಐದು ಸುತ್ತು ಬಂದರು. ಅತ್ತೆಯ ಕಣ್ಣು ಚೆನ್ನಾಗಿವೆ, ತಲೆ ಅದಕ್ಕಿಂತ ಚೆನ್ನಾಗಿದೆ. ಅದು ಕಾರೆಂದು ಗೊತ್ತಿದ್ದೇ ಹಚ್ಚಿದರು. ಅಂದಿನಿಂದ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂಬುದೇ ತಿಳಿಯದಾಗಿದೆ. ಸಿಟ್ಟಿಗೇನೂ ಬರವಿಲ್ಲ, ಹುಟ್ಟಿದಾಗಿನಿಂದ ಅದು ನನ್ನ ಮೂಗಿನ ತುದಿಯಲ್ಲೇ ಇದೆ.

ನಮ್ಮದು ಬಜಾರದಲ್ಲಿ ಬಳೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಯಜಮಾನರು ಮಾಲು ತರಲು ಊರೂರು ತಿರುಗುತ್ತಾರೆ; ಸರಿಯಾಗಿ ಮನೆಯಲ್ಲಿ ಜಗಳ ಹತ್ತಿದ ದಿನವೇ ಊರಲ್ಲಿ ಇರುವುದಿಲ್ಲ. ಪಕ್ಕದ ಜವಳಿ ಅಂಗಡಿ ಮೈದುನನದು. ಅತ್ತೆ ಇರುವುದು ನಮ್ಮ ಜೊತೆ, ಆದರೆ ಕಿರಿಮಗ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬಂದು ಅವ್ವನ ಕೈಯ ಚಹಾ ಕುಡಿದೇ ಹೋಗಬೇಕು.

ಎರಡೂ ಅಂಗಡಿಗಳ ಎದುರಿಗೆ, ರಸ್ತೆಯಾಚೆ, ಒಂದು ಬನ್ನಿ ಗಿಡ, ಅದಕ್ಕೊಂದು ಕಲ್ಲಿನ ಕಟ್ಟೆ. ಅದರ ಹಿಂದೆ ಸಾಲಾಗಿ ಬೇವಿನ ಗಿಡಗಳು. ಎಷ್ಟೇ ದೊಡ್ಡ ಮರವಿರಲಿ, ನಮ್ಮ ಕಡೆ ಅದಕ್ಕೆ ಗಿಡವೆಂದೇ ಅನ್ನುವುದು. ನವರಾತ್ರಿಯಲ್ಲಿ ಬೆಳಕು ಹರಿಯುವಾಗಲೇ ಬಜಾರದ ಹೆಂಗಸರೆಲ್ಲ ತಲೆಗೆ ನೀರು ಹಾಕಿಕೊಂಡು ಬನ್ನಿಗೆ ಹೋಗಿ, ನೀರೆರೆದು, ಅರಿಸಿನದ ದಾರ ಸುತ್ತಿ ಬರುತ್ತಿದ್ದೆವು. ದಶಮಿಯ ಸಂಜೆ ಗಂಡಸರ ಸರದಿ. ಎಲೆ ಕಿತ್ತು ತಂದು ಮನೆಮನೆಗೆ ಹೋಗಿ, ಹಿರಿಯರ ಕಾಲು ಮುಟ್ಟಿ, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎನ್ನುವುದು. ಅವತ್ತು ವೈರಿ ಬಂದು ಬನ್ನಿ ಕೊಟ್ಟರೂ ಒಲ್ಲೆ ಎನ್ನುವಂತಿಲ್ಲ. ಹಿರಿಯರು ಹರಸಿ ತಿರುಗಿ ಕೊಟ್ಟ ಬನ್ನಿ ಗಲ್ಲಾಪೆಟ್ಟಿಗೆಯಲ್ಲಿ ವರ್ಷವಿಡೀ ಬಂಗಾರವಾಗಿ ಇರುತ್ತದೆ. ಮರುವರ್ಷ ಹೊಸದು ಬಂದಾಗ ಹಳೆಯದನ್ನು ತುಳಸಿಯ ಬುಡಕ್ಕೆ ಹಾಕುತ್ತೇವೆ.

ಉಳಿದ ದಿನಗಳಲ್ಲಿ ಆ ಗಿಡಗಳ ನೆರಳಿಗೆ ಬೇರೆ ಕೆಲಸವಿತ್ತು. ಮೋಟಾರ್ ಸೈಕಲ್ಲಿನವರೆಲ್ಲ ಅಲ್ಲಿಯೇ ನಿಲ್ಲಿಸುವವರು. ನೆರಳು ಸರಿದಂತೆ ಗಾಡಿ ಸರಿಸುತ್ತ, ನಿನ್ನದು ಸರಿಸು ನನ್ನದು ಸರಿಸು ಎಂದು ದಿನಾ ಬೈದಾಡುವವರು. ಆಮೇಲೆ ಕಾರುಗಳು ಹೆಚ್ಚಿದವು. ತೆಲಿಗಿಯಿಂದ, ಹೊಳಲಿನಿಂದ ಮದುವೆ ಜವಳಿಗೆ ಬರುವ ಮಂದಿ ಮೊದಲು ಬಸ್ಸಿಗೆ ಬಂದು ಸಂಜೆಯವರೆಗೂ ಕೂತು ಸೀರೆ ಆರಿಸುತ್ತಿದ್ದರು. ಈಗ ಕಾರಿನಲ್ಲಿ ಬಂದು, ನಿಲ್ಲಿಸಲು ಜಾಗ ಸಿಗದೆ, ಕಿಟಕಿಯಿಂದ ಮೈದುನನಿಗೆ ಕೈ ಮಾಡಿ ನೇರ ದಾವಣಗೆರೆಗೆ ಹೋಗಿಬಿಡುತ್ತಾರೆ. ಮೈದುನ ಬಾಗಿಲಲ್ಲಿ ನಿಂತು ಆ ಕಾರುಗಳ ಬೆನ್ನು ನೋಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪಾಪ ಅನಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅಂಗಡಿಯವರೆಲ್ಲ ಸೇರಿ ಪುರಸಭೆಗೆ ಹೋದರು, ಮೈದುನನೇ ಮುಂದೆ. ಬೇವಿನ ಸಾಲು ತೆಗೆದು ಪಾರ್ಕಿಂಗ್ ಮಾಡುವುದೆಂದಾಯಿತು. ಬನ್ನಿಯನ್ನು ಮುಟ್ಟುವುದಿಲ್ಲ ಎಂದರು. ಬಜಾರದವರೆಲ್ಲ ತಲೆಯಾಡಿಸಿದರು. ಬೇವು ಹೋಗುವುದೆಂದರೆ ಏನೆಂದು ಅವತ್ತು ಯಾರಿಗೂ ಹೊಳೆಯಲಿಲ್ಲವೋ, ಹೊಳೆದರೂ ಹೇಳಲಿಲ್ಲವೋ.

ಗಿಡ ಕಡಿಯುವವರು ಬಂದ ದಿನ ಅತ್ತೆ ಓಣಿಯವರ ಜೊತೆ ಮೈಲಾರಕ್ಕೆ ಹೋಗಿದ್ದರು. ಯಜಮಾನರು ಊರಲ್ಲಿರಲಿಲ್ಲ, ಹೇಳಬೇಕೆ. ನಾನು ಅಂಗಡಿಯಲ್ಲಿ ಕೂತು ಬಳೆ ಜೋಡಿಸುತ್ತಿದ್ದೆ. ಮಧ್ಯಾಹ್ನದೊಳಗೆ ಬೇವೆಲ್ಲ ನೆಲಕ್ಕೆ ಬಿದ್ದವು. ಆಗ ನೋಡಿದರೆ, ಕಟ್ಟೆ ಅಡ್ಡ ಇರುವುದರಿಂದ ಕಾರು ಒಳಗೆ ತಿರುಗುವುದಿಲ್ಲ. ಬನ್ನಿಯನ್ನೂ ತೆಗೆಯಿರಿ ಎಂಬ ಮಾತು ಅಲ್ಲಿ ಹುಟ್ಟಿತು. ಯಾರ ಬಾಯಲ್ಲಿ ಹುಟ್ಟಿತು ಎಂದು ಇವತ್ತಿಗೂ ಗೊತ್ತಿಲ್ಲ. ಪುರಸಭೆಯವರು ಗುತ್ತಿಗೆದಾರ ಅನ್ನುತ್ತಾರೆ, ಗುತ್ತಿಗೆದಾರ ಅಂಗಡಿಯವರು ಅನ್ನುತ್ತಾನೆ, ಅಂಗಡಿಯವರು ಪುರಸಭೆ ಅನ್ನುತ್ತಾರೆ.

ಆದರೆ ಕಡಿಯುವವರ ಮೇಸ್ತ್ರಿ ಒಪ್ಪಲಿಲ್ಲ. ಮಷಿನ್ನು ನೆಲದ ಮೇಲಿಟ್ಟು ಕಟ್ಟೆಯಿಂದ ದೂರ ನಿಂತ.

"ಬನ್ನಿಗೆ ನಾವು ಸುಮ್ಮಸುಮ್ನ ಕೈ ಹಚ್ಚಂಗಿಲ್ರಿ. ಊರಾಗಿನೋರು ಯಾರಾರ ಒಬ್ರು ಕಾಯಿ ಒಡದು ತಪ್ಪಾತು ಅಂತ ಕೇಳ್ಕೊಳ್ರಿ. ಇಲ್ಲಾಂದ್ರ ನಾವು ಹೊಂಟ್ವಿ."

ಬಜಾರದ ಮಂದಿ ಯಾರೂ ಮುಂದೆ ಬರಲಿಲ್ಲ. ಲಾರಿಯವನು ಹಾರನ್ನು ಹೊಡೆಯುತ್ತಿದ್ದ. ನಾನು ಎದ್ದು ನಿಂತೆ, ಹೋಗಿ ಏನು ಹೇಳಬೇಕೆಂದು ತಿಳಿಯದೆ ಮತ್ತೆ ಕೂತೆ. ಸ್ವಲ್ಪ ಹೊತ್ತಿಗೆ ಮೈದುನ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ ಕಾಯಿ ಒಡೆದ, ಕರ್ಪೂರ ಹಚ್ಚಿದ, ಅಡ್ಡ ಬಿದ್ದ. ಎದ್ದಾಗ ಅವನ ಕಣ್ಣು ಒದ್ದೆಯಾಗಿದ್ದವು. ಆಮೇಲೆ ಮಷಿನ್ನಿನ ಸದ್ದು ಶುರುವಾಯಿತು.

ಸಂಜೆ ಬಸ್ಸಿಳಿದು ಬಂದ ಅತ್ತೆ ಬೊಡ್ಡೆಯ ಮುಂದೆ ನಿಂತರು. ಯಾರು ಕಡಿದರು ಎಂದು ಕೇಳಲಿಲ್ಲ. "ಕಾಯಿ ಯಾರು ಒಡದ್ರು?" ಎಂದರು. ಕಾಯಿ ಒಡೆಯದೆ ಯಾರೂ ಬನ್ನಿ ಕಡಿಯುವುದಿಲ್ಲ ಎಂದು ಅವರಿಗೆ ಗೊತ್ತು.

ಮೈದುನನೇ ಹೇಳಿದ. "ನಾನವ್ವ. ಹೆಂಗಿದ್ರೂ ಕಡಿಯೋರು ಕಡೀತಿದ್ರು. ಪೂಜಿ ಇಲ್ಲದ ಬೀಳೋದು ಬ್ಯಾಡ ಅಂತ..."

"ಕೊಡ್ಲಿ ಕಾವು ಕುಲಕ್ಕ ಮೂಲ" ಎಂದಷ್ಟೇ ಹೇಳಿ ಅತ್ತೆ ಒಳಗೆ ಹೋದರು. ಅಲ್ಲಿಂದ ಅವನ ಜೊತೆ ಮಾತು ಬಿಟ್ಟರು. ಮರುದಿನದಿಂದ ಅವನ ಚಹಾ ಕಿಟಕಿಯ ಕಟ್ಟೆಯ ಮೇಲೆ ಇರುತ್ತಿತ್ತು, ಅತ್ತೆ ಅಲ್ಲಿರುತ್ತಿರಲಿಲ್ಲ. ಅವನು ನಿಂತೇ ಕುಡಿದು, ಕಪ್ಪು ತೊಳೆದಿಟ್ಟು ಹೋಗುತ್ತಿದ್ದ. ಮದುವೆ ವಯಸ್ಸಿನ ಮಗಳಿರುವ ಗಂಡಸು ಅವ್ವ ಮಾತಾಡಲಿಲ್ಲವೆಂದು ಹೀಗೆ ಸೊರಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ದಿನ ನನ್ನ ಹತ್ತಿರ ಬಂದು ಕೇಳಿದ. "ಅತ್ತಿಗಿ, ನಾ ಕಾಯಿ ಒಡೀದಿದ್ರ ಗಿಡ ಉಳೀತಿತ್ತೇನ್ರಿ?"

ಉಳಿಯುತ್ತಿತ್ತೇನೋ. ಮೇಸ್ತ್ರಿ ಹೋಗಿಬಿಡುತ್ತಿದ್ದ. ಇಲ್ಲವೇ ಮರುದಿನ ದೇವರಿಗೆ ಅಂಜದ ಇನ್ನೊಬ್ಬ ಬಂದು ಕಾಯಿ ಕರ್ಪೂರ ಏನೂ ಇಲ್ಲದೆ ಕಡಿದು ಬಿಸಾಕುತ್ತಿದ್ದ. ಯಾವುದು ಹೆಚ್ಚು ಕೆಟ್ಟದ್ದು? ಆ ಪ್ರಶ್ನೆ ಹಿಡಿದು ನಾನು ಎಷ್ಟೋ ದಿನ ಬಳೆಯ ಅಳತೆ ತಪ್ಪಿ ಕೊಟ್ಟಿದ್ದೇನೆ.

ಬೇಸಿಗೆಯ ಬಿಸಿಲು ಬಂದ ಮೇಲೆ ಊರು ಎಚ್ಚರವಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜಾತಿ ನಮ್ಮದು. ಗಿಡ ಯಾಕೆ ಕಡಿದಿರಿ ಎಂದು ದಿನಕ್ಕೊಂದು ಗುಂಪು ಪುರಸಭೆಯ ಬಾಗಿಲಿಗೆ ಹೋಗಿ ಕೂಗಾಡಿತು. ಊರಾಚೆ ಸಸಿ ನೆಡುತ್ತೇವೆ ಎಂದು ಅವರು ಹೇಳಿ ಕಳಿಸಿದರು. ಊರಾಚೆಯ ನೆರಳು ಬಜಾರಕ್ಕೆ ನಡೆದು ಬರುತ್ತದೆಯೇ ಎಂದು ನಾನೂ ಹೋಗಿ ಕೇಳಿದೆ. ನಮ್ಮಲ್ಲಿ ಕೆಲವರು ಕೂಗಾಡಲು ಹೋದಾಗ ಗಾಡಿ ನಿಲ್ಲಿಸಿದ್ದು ಮಾತ್ರ ಹೊಸ ಪಾರ್ಕಿಂಗಿನಲ್ಲೇ.

ಅದಕ್ಕಿಂತ ವಿಚಿತ್ರ ಇನ್ನೊಂದು. ಪಾರ್ಕಿಂಗಿನಲ್ಲಿ ಬಿಸಿಲೇರಿದ ಮೇಲೆ ಗಾಡಿಯೇ ನಿಲ್ಲುವುದಿಲ್ಲ. ಸೀಟು ಕಾದು ಹೆಂಚಾಗುತ್ತದೆ, ಕೂತವನು ಕೂತಷ್ಟೇ ಬೇಗ ಏಳುತ್ತಾನೆ. ಹಾಗಾಗಿ ಮೋಟಾರ್ ಸೈಕಲ್ಲುಗಳೆಲ್ಲ ನಮ್ಮ ಅಂಗಡಿಯ ತಗಡಿನ ನೆರಳಿಗೆ ಬಂದವು. ಗಿರಾಕಿ ಒಳಗೆ ಬರಲು ಸಂದಿಲ್ಲ. ಬೈದು ಎಬ್ಬಿಸಿದರೆ, "ಎಲ್ಲಿಗೆ ಹೋಗೂಣ್ರೀ ಅಕ್ಕಾರ, ನೆಳ್ಳ ಎಲ್ಲೈತಿ ಹೇಳ್ರಿ" ಎನ್ನುತ್ತಾರೆ. ಅದೂ ನಿಜವೇ. ಜವಳಿಗೆ ಕಾರಿನವರು ಬರುತ್ತಾರೆ, ಬರುವುದಿಲ್ಲವೆಂದಲ್ಲ, ಸಂಜೆಯ ಮೇಲೆ ಬರುತ್ತಾರೆ. ಮೈದುನನ ವ್ಯಾಪಾರ ಸುಧಾರಿಸಿದೆಯೋ ಇಲ್ಲವೋ, ಅವನನ್ನು ಕೇಳಿದರೆ ಅವನಿಗೂ ತಿಳಿದಂತೆ ಕಾಣುವುದಿಲ್ಲ.

ಹೀಗಿರುವಾಗ ನವರಾತ್ರಿ ಬಂತು. ಮೊದಲ ದಿನ ಅತ್ತೆ ಎಂದಿನಂತೆ ಸ್ನಾನ ಮಾಡಿ ತಾಟು ಹಿಡಿದು ಹೊರಟರು. ನಾನೂ ಹಿಂದೆ ಹೋದೆ. ಓಣಿಯ ಹೆಂಗಸರೆಲ್ಲ ಅಲ್ಲಿಗೇ ಬಂದಿದ್ದರು, ಅಭ್ಯಾಸ ಎಲ್ಲಿ ಬಿಡುತ್ತದೆ. ಬೊಡ್ಡೆಯನ್ನೂ ಕಿತ್ತು ಸಿಮೆಂಟು ಹಾಸಿದ್ದರು. ಸರಿಯಾಗಿ ಆ ಜಾಗದಲ್ಲಿ ಬಿಳಿ ಕಾರು ನಿಂತಿತ್ತು. ಕೆಲವರು ಹೊಲದ ಕಡೆಯ ಬನ್ನಿಗೆ ಹೋಗೋಣವೆಂದರು, ಕೆಲವರು ಮನೆಗೆ ಹೋಗೋಣವೆಂದರು. ಎತ್ತು ಏರಿಗೆ, ಕೋಣ ನೀರಿಗೆ. ಅತ್ತೆ ಯಾರ ಮಾತನ್ನೂ ಕೇಳದೆ ಕಾರಿನ ಮುಂದೆ ನೀರು ಚಿಮುಕಿಸಿ ಕುಂಕುಮ ಹಚ್ಚಿದರು.

"ಅತ್ತಿ, ಅದು ಕಾರ್ರಿ" ಎಂದೆ.

"ನನಗ ಕಣ್ಣಿಲ್ಲೇನು? ಗಿಡದ ಜಾಗ ಇದ. ಮ್ಯಾಲ ಏನರ ನಿಂತಿರ್ಲಿ."

ಒಬ್ಬೊಬ್ಬರಾಗಿ ಉಳಿದವರೂ ಸುತ್ತು ಬಂದರು. ನಾನೂ ಬಂದೆ. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಕಾರಿನವನು ಹಲ್ಲುಕಡ್ಡಿ ಕಚ್ಚಿಕೊಂಡು ಬಂದವನು ನಮ್ಮನ್ನು ನೋಡಿ ಕಡ್ಡಿ ಉಗಿದು ಕೈ ಮುಗಿದ. ನಾವು ಹೋಗುವವರೆಗೂ ಕಾರು ತೆಗೆಯಲಿಲ್ಲ. ಮರುದಿನ ಅಲ್ಲಿ ಹಾಲಿನ ವ್ಯಾನು ನಿಂತಿತ್ತು, ಅದಕ್ಕೂ ಪೂಜೆಯಾಯಿತು. ಆಯುಧ ಪೂಜೆಯ ದಿನವಂತೂ ಪಾರ್ಕಿಂಗಿನ ಗಾಡಿಗಳಿಗೆಲ್ಲ ಬಾಳೆಕಂದು, ಚೆಂಡು ಹೂವು. ಯಾವ ಕುಂಕುಮ ಗಾಡಿಯದು, ಯಾವುದು ಗಿಡದ್ದು, ದೇವಿಗೇ ಗೊತ್ತಾಗಿರಲಿಕ್ಕಿಲ್ಲ.

ದಶಮಿಯ ಸಂಜೆ ಮೈದುನ ಬರುತ್ತಾನೆಂದು ನನಗೆ ಗೊತ್ತಿತ್ತು. ಬನ್ನಿ ಕೊಡಲು ಬಂದವನನ್ನು ಅತ್ತೆ ದೂಡುವಂತಿಲ್ಲ. ಮಾತಾಡಲೇಬೇಕು. ಅವನೂ ಅದನ್ನೇ ನೆಚ್ಚಿಕೊಂಡು ಆ ದಿನವನ್ನು ಕಾಯುತ್ತಿದ್ದ. ಹೊಸ ಅಂಗಿ ಹಾಕಿಕೊಂಡು, ಕೈಯಲ್ಲಿ ಬನ್ನಿ ಹಿಡಿದು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ. ಅತ್ತೆ ಗಲ್ಲಾಪೆಟ್ಟಿಗೆಯ ಪಕ್ಕ ನನ್ನ ಹತ್ತಿರ ಕೂತಿದ್ದರು. ಅವನು ಕಾಲು ಮುಟ್ಟಿ, "ಬನ್ನಿ ತಗೊಂಡು ಬಂಗಾರದಂಗ ಇರೂಣವ್ವ" ಎಂದ.

ಅತ್ತೆ ಎಲೆಗಳನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. "ಯಾವ ಗಿಡದ್ದು?"

"ಗೊತ್ತಿಲ್ಲವ್ವ. ಸಂತ್ಯಾಗ ಮಾರಾಕತ್ತಿದ್ರು."

"ಹ್ವಾದ ವರ್ಷ ನಾ ನಿನಗ ಕೊಟ್ಟ ಬನ್ನಿ ನಿನ್ನ ಗಲ್ಲಾದಾಗ ಐತಲ್ಲ. ತಗೊಂಬಾ."

ಇಷ್ಟು ತಿಂಗಳ ಮೇಲೆ ಅವ್ವ ಮಾತಾಡಿದಳೆಂದು ಅವನು ಓಡಿಯೇ ಹೋದ. ಅಂಗೈ ಮುಚ್ಚಿಕೊಂಡು ಬಂದ. ಒಣಗಿ ಅರ್ಧ ಪುಡಿಯಾಗಿದ್ದವು. ಅತ್ತೆ ಒಂದೊಂದೇ ಎಲೆಯನ್ನು ಆರಿಸಿ ತೆಗೆದುಕೊಂಡು ಸೀರೆಯ ಸೆರಗಿನ ತುದಿಗೆ ಕಟ್ಟಿಕೊಂಡರು. ಅವನ ಬೆರಳಿಗೆ ಅಂಟಿದ ಪುಡಿಯನ್ನೂ ಬಿಡಲಿಲ್ಲ. ಸಂತೆಯ ಬನ್ನಿಯನ್ನು ಅವನ ಕೈಗೆ ತಿರುಗಿ ಕೊಟ್ಟರು.

"ಬಂಗಾರದಂಗ ಇರಪ್ಪಾ. ಆ ಗಿಡದ್ದು ನಿನ್ನ ಹಂತ್ಯಾಕ ಇರೋದು ಬ್ಯಾಡ."

ಅವನು ಹಾಗೆಯೇ ನಿಂತುಬಿಟ್ಟ. ಇಷ್ಟು ದೊಡ್ಡ ಶಿಕ್ಷೆ ಬೇಡವಾಗಿತ್ತು ಎಂದು ಅತ್ತೆಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿ ಕೈ ಚಾಚಿದರು.

"ನಿಂದೂ ಕೊಡು."

"ನಾ ಏನ್ ಮಾಡೀನ್ರಿ ಅತ್ತಿ?"

"ಏನೂ ಮಾಡಿಲ್ಲ. ಅವತ್ತು ಇಲ್ಲೇ ಕುಂತಿದ್ದೆಲ್ಲ."

ನಾನು ಗಲ್ಲಾಪೆಟ್ಟಿಗೆ ತೆರೆದು ಕೊಟ್ಟೆ. ಅದನ್ನೂ ಅದೇ ಸೆರಗಿನ ಗಂಟಿಗೆ ಸೇರಿಸಿ, ನನಗೂ ನಾಲ್ಕು ಸಂತೆಯ ಎಲೆ ಕೊಟ್ಟು, ಬಂಗಾರದಂಗ ಇರು ಎಂದು ತಲೆ ಮುಟ್ಟಿ, ಹೋಳಿಗೆಗೆ ತುಪ್ಪ ಕಾಯಿಸಲು ಒಳಗೆ ಹೋದರು.

ನಾವಿಬ್ಬರೂ ಹಸಿ ಎಲೆ ಹಿಡಿದು ನಿಂತಿದ್ದೆವು. ಎದುರಿಗೆ ಪಾರ್ಕಿಂಗಿನಲ್ಲಿ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದರು.

"ಅತ್ತಿಗಿ," ಎಂದ ಮೈದುನ ಮೆಲ್ಲಗೆ, "ಅವ್ವ ಈಗ ನಮ್ಮ ಕೂಡ ಮಾತಾಡಿದಂಗೋ, ಮಾತು ಬಿಟ್ಟಂಗೋ?"

ಗೊತ್ತಿಲ್ಲಪ್ಪಾ ಎಂದೆ. ಅಲ್ಲಿಯವರೆಗೆ ಅದು ಅವನೊಬ್ಬನ ಪ್ರಶ್ನೆ ಎಂದುಕೊಂಡಿದ್ದೆ.