ಬೆಂಡೆಕಾಯಿಯ ತುದಿ ಮುರಿಯುವವರು

ಕೊಯ್ದ ಮೇಲೂ ಬೆಂಡೆಕಾಯಿ ಉಸಿರಾಡುತ್ತಿರುತ್ತದೆ. ಗಾಯವಾದ ಜಾಗ ಕಪ್ಪಾಗುತ್ತದೆ. ಕೊಂಡು ತಿನ್ನುವವರಿಗೆ ಇಷ್ಟಾದರೂ ಗೊತ್ತಿರಬೇಕು.

ಊರೆಲ್ಲ ಬೆಂಡಕ್ಕ ಎಂದೇ ಕರೆಯುವ ಹೆಂಗಸಿಗೆ ಇದು ಗೊತ್ತು. ಬಿಸಿಲೇರುವ ಮೊದಲೇ ಕೈಗವಸು ತೊಟ್ಟು ತೋಟಕ್ಕಿಳಿಯುತ್ತಾಳೆ. ಕಾಯಿಯನ್ನು ಜಗ್ಗಿ ಕೀಳುವುದಿಲ್ಲ, ತೊಟ್ಟಿನ ಸಮೇತ ಕತ್ತರಿಸುತ್ತಾಳೆ. ಕೊಯ್ದದ್ದು ನೇರ ನೆರಳಿಗೆ. ಯಾರಾದರೂ ನೀರು ಚಿಮುಕಿಸಲು ಬಂದರೆ, "ಅದಕ್ಕೇನು ಜ್ವರ ಬಂದಿದೆಯಾ, ತಣ್ಣೀರುಪಟ್ಟಿ ಹಾಕೋಕೆ? ಒದ್ದೆಯಾದ್ರೆ ಕೊಳೆಯುತ್ತೆ, ಬಿಡಿ" ಎಂದು ಗದರುತ್ತಾಳೆ. ಪೆಟ್ಟಿಗೆಯ ತಳಕ್ಕೆ ಕಾಗದ, ಮೇಲೆ ತೆಳು ಬಟ್ಟೆ. ಎಂದೂ ಒತ್ತಿ ತುಂಬಿದವಳಲ್ಲ.

ಇಷ್ಟು ಮಾಡಿದರೂ ಪೇಟೆಯ ಅಂಗಡಿಯಿಂದ ಪೆಟ್ಟಿಗೆಗಳು ವಾಪಸು ಬರತೊಡಗಿದವು. ತುದಿಗಳೆಲ್ಲ ಮುರಿದು ಕಪ್ಪು. ಆ ಅಂಗಡಿಯವನು ಕೈಬಿಟ್ಟರೆ ಇಡೀ ತೋಟದ ಫಸಲಿಗೆ ಬೇರೆ ದಿಕ್ಕಿಲ್ಲ. ಕತ್ತರಿ ಬದಲಿಸಿದಳು, ಪೆಟ್ಟಿಗೆ ಬದಲಿಸಿದಳು. ಕೊನೆಗೆ ಗಾಡಿ ಓಡಿಸುವ ಮೈದುನನ ಮೇಲೆ ಹರಿಹಾಯ್ದಳು.

"ಹಳ್ಳ ದಿಣ್ಣೆ ನೋಡದೆ ಗಾಡಿ ಹಾರಿಸ್ತೀಯಾ!"

"ಅತ್ತಿಗೆ, ನಿಧಾನಪ್ಪ ಅಂತ ಹೆಸರಿಟ್ಟವರು ನೀವೇ. ನಿನ್ನೆ ಒಂದು ಕೋಳಿ ನನ್ನ ಗಾಡೀನ ಓವರ್‌ಟೇಕ್ ಮಾಡ್ತು."

ಅವಳು ನಗಲಿಲ್ಲ. ಅವನು ಮುಖ ತಿರುಗಿಸಿ ಗಾಡಿಯ ಕಡೆ ಹೋದ. ಮರುದಿನ ಅವಳೇ ಗಾಡಿ ಹತ್ತಿದಳು.

ಅಂಗಡಿಯಲ್ಲಿ ಪೆಟ್ಟಿಗೆ ಇಳಿಸಿ ಬಟ್ಟೆ ಸರಿಸಿದಳು. ಒಂದು ಕಾಯಿಯ ಮೇಲೂ ಗೀರಿಲ್ಲ. ನೋಡಿಯೇ ಬಿಡೋಣವೆಂದು ಮೂಲೆಯ ಸ್ಟೂಲಿನಲ್ಲಿ ಕೂತಳು.

ಇಸ್ತ್ರಿ ಅಂಗಿಯವನೊಬ್ಬ ಬಂದ. ಒಂದು ಕಾಯಿ ಎತ್ತಿದ, ಹೆಬ್ಬೆರಳಲ್ಲಿ ತುದಿ ಮುರಿದ. ಟಕ್! ಎಳೆಯದು. ಪೆಟ್ಟಿಗೆಗೆ ಎಸೆದ. ಇನ್ನೊಂದು. ಟಕ್! ಅದನ್ನೂ ಎಸೆದ. ಮನಸ್ಸಿಗೆ ತೃಪ್ತಿಯಾಗುವಷ್ಟು ಮುರಿದು, ಆಮೇಲೆ ಅಡಿಯಿಂದ ಮುರಿಯದ ಕಾಯಿಗಳನ್ನು ಆರಿಸಿ ಚೀಲ ತುಂಬಿಕೊಂಡ. ಪರೀಕ್ಷೆಯಲ್ಲಿ ಪಾಸಾದವೆಲ್ಲ ಪೆಟ್ಟಿಗೆಯಲ್ಲೇ ಬಿದ್ದಿದ್ದವು.

ಅವನ ಹಿಂದೆಯೇ ಒಬ್ಬ ಅಜ್ಜಿ. ಆಮೇಲೆ ಫೋನಿನಲ್ಲಿ ಹರಟುತ್ತ, ಕೊಳ್ಳುವ ಯೋಚನೆಯೇ ಇಲ್ಲದೆ, ಬೆರಳಿಗೆ ಕೆಲಸ ಬೇಕೆಂದು ಮುರಿಯುತ್ತ ನಿಂತವಳೊಬ್ಬಳು. ಟಕ್, ಟಕ್. ತನ್ನ ಬೆರಳನ್ನೇ ಯಾರೋ ಲಟಕ್ಕನೆ ಮುರಿದಂತೆ ಬೆಂಡಕ್ಕ ಬೆಚ್ಚಿದಳು.

"ನೋಡಿದ್ರಾ ಅಣ್ಣಾ?" ಎಂದು ಅಂಗಡಿಯವನನ್ನು ಕೇಳಿದಳು.

"ದಿನಾ ನೋಡ್ತೀನಕ್ಕಾ."

"ದಿನಾನಾ? ಮತ್ತೆ ಮಾಲು ಸರಿಯಿಲ್ಲ ಅಂತ ನನಗೆ ವಾಪಸ್ ಕಳಿಸಿದ್ರಲ್ಲ!"

"ಗಿರಾಕೀನ ಬೈಯಕ್ಕಾಗುತ್ತಾ? ಅವರಾದ್ರೆ ಎದುರಂಗಡಿಗೆ ಹೋಗ್ತಾರೆ. ನೀವೆಲ್ಲಿಗೆ ಹೋಗ್ತೀರಿ?"

ಅಂದರೆ ಇವನಿಗೆ ಮೊದಲಿನಿಂದಲೂ ಗೊತ್ತಿತ್ತು! ತಾನು ಕತ್ತರಿಯನ್ನು ಶಪಿಸಿದ್ದು, ಮೈದುನನನ್ನು ಬೈದದ್ದು ಎಲ್ಲ ಇದಕ್ಕೆ! ಬೆಂಡಕ್ಕ ಎದ್ದಳು. ಫೋನಿನವಳು ಮುರಿದು ಬಿಸಾಕಿದ ಕಾಯಿಗಳನ್ನೆಲ್ಲ ಬಾಚಿ ಅವಳ ಚೀಲಕ್ಕೇ ಹಾಕಿದಳು.

"ನೀವು ಮುರಿದಿದ್ದು. ನೀವೇ ತಗೊಂಡು ಹೋಗಿ."

"ಏನಮ್ಮಾ ಇದು ದಬ್ಬಾಳಿಕೆ? ನೋಡಿ ತಗೋಬಾರದಾ?"

"ಕಣ್ಣಲ್ಲಿ ನೋಡಿ ತಾಯೀ!"

ಅವಳು ಚೀಲ ಕೊಡವಿ ಹೊರಟುಹೋದಳು. ಅಂಗಡಿಯವನು ಪೆಟ್ಟಿಗೆಯನ್ನು ಕಾಲಲ್ಲೇ ಬಾಗಿಲ ಕಡೆ ತಳ್ಳಿದ. "ನಾಳೆಯಿಂದ ನಿಮ್ಮ ಮಾಲು ಬೇಡ."

ಗಾಡಿಯ ಹತ್ತಿರ ಬಂದು ಬೆಂಡಕ್ಕ ಮೈದುನನ ಭುಜ ಮುಟ್ಟಿದಳು. "ತಪ್ಪು ನಿಂದಲ್ಲ ಕಣಪ್ಪಾ."

"ಮತ್ತೆ ಯಾರ್ದು ಅತ್ತಿಗೆ?"

ಅವಳು ಪೆಟ್ಟಿಗೆಯನ್ನು ಗಾಡಿಗೆ ಎತ್ತಿಟ್ಟಳು.

ನಿಮ್ಮದು, ಕೊಂಡು ತಿನ್ನುವವರೇ. ಇನ್ನೊಮ್ಮೆ ಬೆಂಡೆಕಾಯಿಯ ತುದಿ ಮುರಿದರೆ, ಮುರಿದದ್ದನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ.