ಕೌದಿಯ ಹೊಟ್ಟೆ

ಅಕ್ಕಲದಾಡೆ ಹಲ್ಲು ಕೀಳಿಸಿಕೊಂಡು ಮನೆಗೆ ಬಂದವಳೇ ಟ್ರಂಕಿನಿಂದ ಅವ್ವನ ಕೌದಿ ತೆಗೆದು ಹೊದ್ದು ಮಲಗಿದೆ. ಸಿಂದಗಿಯ ಮಧ್ಯಾಹ್ನದ ಬಿಸಿಲಿಗೆ ಯಾರಾದರೂ ಕೌದಿ ಹೊದೆಯುತ್ತಾರೇನು? ನಾನು ಹೊದ್ದೆ. ಒಸಡು ಕೊಯ್ದು ಹೊಲಿಗೆ ಹಾಕಿದ್ದರು. ಅರ್ಧ ಮುಖ ಯಾರದೋ ಅನ್ನಿಸುತ್ತಿತ್ತು. ಹತ್ತಿ ಕಚ್ಚಿಕೊಂಡಿರಿ, ಮಾತಾಡಬೇಡಿ ಅಂದಿದ್ದರು ಡಾಕ್ಟರು. ನನಗೆ ಮಾತಾಡಬೇಡ ಅನ್ನುವುದು ಎತ್ತಿಗೆ ಬಾಲ ಅಲ್ಲಾಡಿಸಬೇಡ ಅಂದ ಹಾಗೆ.

ಗುಳಿಗೆಯ ಮಂಪರಿನಲ್ಲಿ ಕೌದಿಯ ಮೇಲೆ ಬೆರಳಾಡಿಸಿದೆ. ಅವ್ವನ ಇಳಕಲ್ ಸೀರೆಯ ಸೆರಗು, ಅಪ್ಪನ ಧೋತರ, ನನ್ನ ಸಾಲಿಯ ಲಂಗ. ಒಂದೊಂದು ತುಂಡೂ ಹೊಲದಷ್ಟು ಅಗಲವಾಯಿತು. ಹೊಲಿಗೆಯ ಸಾಲೇ ಬದು, ಅದರ ಮೇಲೆ ನಾನು ಬರಿಗಾಲಲ್ಲಿ ನಡೆಯುತ್ತಿದ್ದೆ. ಆಚೆ ತುದಿಯಲ್ಲಿ ಅವ್ವ ಸೂಜಿ ಹಿಡಿದು ಕೂತಿದ್ದಳು.

ಕೌದಿ ಹಸಿದಿರಬಾರದು ಅನ್ನುತ್ತಿದ್ದಳು ಅವಳು. ಮುಗಿಸುವ ಮೊದಲು ಒಂದು ಮೂಲೆ ಬಿಟ್ಟು, ಒಳಗೆ ರೊಟ್ಟಿಯ ಚೂರು ಇಟ್ಟು ಹೊಲಿಯುತ್ತಿದ್ದಳು. ಆಮೇಲೆ ಕೌದಿಯನ್ನೇ ಕೇಳುತ್ತಿದ್ದಳು: "ಹೊಟ್ಟಿ ತುಂಬ್ತೇನವಾ?" ಅದರಡಿ ನುಸುಳಿದ್ದ ನಾನು, ಅಕ್ಕ ಇಬ್ಬರೂ ಕೌದಿಯ ಪರವಾಗಿ "ಹೂಂ" ಅನ್ನುತ್ತಿದ್ದೆವು.

ಅವ್ವ ಹೋದ ಮೇಲೆ ಕೌದಿ ನನಗೆ ಬಂತು. ಹಿರಿಯಳು ನಾನು, ನನಗೆ ಸೇರಬೇಕು ಅಂತ ಅಕ್ಕ. ಅವ್ವ ಕಡೆಗಾಲದಲ್ಲಿ ಇದ್ದದ್ದು ನನ್ನ ಮನೆಯಲ್ಲಿ ಅಂತ ನಾನು.

"ಒಯ್ಯಿ, ಒಯ್ಯಿ. ಜ್ವಾಪಾನ ಮಾಡಾಕ ನಿನಗೆಲ್ಲಿ ಬರ್ತೈತಿ? ಹಾಳ ಮಾಡಿದ ದಿನ ಬಂದು ಕಸಗೊಂಡು ಹೋಗ್ತೇನಿ" ಅಂದಿದ್ದಳು. ಅಂದಿನಿಂದ ಮಾತು ಬಂದ್. ಈಗಲೂ ಹೇಳುತ್ತೇನೆ, ಕೌದಿ ನನ್ನದೇ.

"ಬರ್ರಿ ಅಕ್ಕಾರ" ಎಂಬ ನನ್ನ ಗಂಡನ ದನಿಗೆ ಎಚ್ಚರವಾಯಿತು. ನನಗೆ ಹೇಳದೆ ಹೂವಿನ ಹಿಪ್ಪರಗಿಗೆ, ಅಕ್ಕನ ಮನೆಗೆ, ಫೋನ್ ಮಾಡಿದ್ದ ಪುಣ್ಯಾತ್ಮ! ಏಳಲು ಹೋಗಿ ನೋಡಿದರೆ, ನಿದ್ದೆಯಲ್ಲಿ ಬಾಯಿಯ ಹತ್ತಿ ಬಿದ್ದು, ಅವ್ವನ ಸೆರಗಿನ ಮೇಲೆ ಅಂಗೈ ಅಗಲ ರಕ್ತ. ಕೌದಿ ಮಡಚಿಕೊಳ್ಳುವಷ್ಟರಲ್ಲಿ ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ರೊಟ್ಟಿಯ ಗಂಟು. ಹಲ್ಲು ಕೀಳಿಸಿಕೊಂಡವಳಿಗೆ ಗಟ್ಟಿ ಕಟಕ ರೊಟ್ಟಿ!

"ನಿನಗ ತಿನ್ನಾಕ ಬರೂದಿಲ್ಲ, ಗೊತ್ತೈತಿ. ಖಾಲಿ ಕೈಲೆ ಹೆಂಗ ಬರ್ಲಿ?" ಅಂದವಳ ಕಣ್ಣು ಕಲೆಯ ಮೇಲೆ ನಿಂತಿತು.

"ಕೊಡಿಲ್ಲಿ."

ನಾನು ಬಿಗಿಯಾಗಿ ಹಿಡಿದೆ. ಅವಳು ಎಳೆದಳು. ಬಾಯಿ ಸರಿಯಿದ್ದರೆ ಓಣಿ ಒಟ್ಟುಗೂಡುವಂತೆ ಜಗಳ ಆಡುತ್ತಿದ್ದೆ. ಬಂದದ್ದು ಅಳು ಮಾತ್ರ. ಕೌದಿ ಅವಳ ಕೈಸೇರಿತು. ಗಂಡ ಹೊಸ ಹತ್ತಿ ಇಟ್ಟ. ಗೋಡೆಗೆ ಮುಖ ಮಾಡಿ ಮಲಗಿದೆ. ಕೌದಿ ಒಯ್ದಳು, ಅವ್ವ ಇನ್ನೊಂದು ಸಲ ಹೋದಳು ಅನ್ನುತ್ತಲೇ ಮತ್ತೆ ಆ ಬದುಗಳ ಮೇಲೆ ಇಳಿದುಹೋದೆ. ಈ ಸಲ ಆಚೆ ತುದಿಯಲ್ಲಿ ಯಾರೂ ಇರಲಿಲ್ಲ.

ಕಣ್ಣು ಬಿಟ್ಟಾಗ ಹೊತ್ತು ಇಳಿದಿತ್ತು. ಅಕ್ಕ ಹೋಗಿರಲಿಲ್ಲ. ಪಡಸಾಲೆಯಲ್ಲಿ ಕಾಲು ಚಾಚಿ, ತೊಡೆಯ ಮೇಲೆ ಕೌದಿ ಹರವಿಕೊಂಡು ಕೂತಿದ್ದಳು. ಕಲೆ ತೊಳೆದು ಬಿಸಿಲಿಗೆ ಹಾಕಿದ್ದಳಂತೆ. ಉಳಿದ ಕೆಂಪಿನ ಮೇಲೆ ಹಸಿರು ತೇಪೆಯೊಂದು ಕೂರುತ್ತಿತ್ತು. ಅವಳ ಸೆರಗು ನೋಡಿದೆ. ಹಸಿರು ಸೀರೆಯ ಒಂದು ತುದಿ ಹರಿದಿತ್ತು.

ತೇಪೆಯ ಮೂರು ಕಡೆ ಹೊಲಿದು ನಿಲ್ಲಿಸಿದಳು. ಗಂಟಿನಿಂದ ರೊಟ್ಟಿ ಮುರಿದು ಒಂದು ಚೂರು ಒಳಗೆ ತಳ್ಳಿ, ಬಾಯಿ ಹೊಲಿದು, ದಾರ ಕಡಿದಳು. ನನ್ನ ಕಡೆ ನೋಡಲಿಲ್ಲ. ಕೌದಿಯನ್ನು ತಂದು ನನ್ನ ಮುಖ ಮುಚ್ಚುವಂತೆ ಹೊದಿಸಿ, ಅದನ್ನೇ ಕೇಳಿದಳು:

"ಹೊಟ್ಟಿ ತುಂಬ್ತೇನವಾ?"

ಹತ್ತಿ ಕಚ್ಚಿಕೊಂಡೇ ಒಳಗಿನಿಂದ ನಾನು "ಹೂಂ" ಅಂದೆ.